ಭುಜದ ಮೇಲಿನ ಬೆರಳುಗಳು

“ಪರ್ವೇಜಣ್ಣ, ಈ ಬೆರಳು ಅಷ್ಟು ಅಳಿಸಿ ಕೊಡ್ರಿ,” ಎಂದು ಸುನೀಲಕುಮಾರ ಫೋನನ್ನು ನನ್ನ ಮುಂದೆ ಇಟ್ಟ. ಅವನು ಕಮಲಾಪುರದವನು, ಕೆಂಪು ಬಾಳೆಹಣ್ಣಿನ ವ್ಯಾಪಾರಿ. ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿರುವ ನನ್ನ ಸ್ಟುಡಿಯೊಕ್ಕೆ ತಂಗಿ ಭುವನೇಶ್ವರಿಯನ್ನೂ ಕರೆತಂದಿದ್ದ.

“ಕುಸನೂರದ ಬೀಗರು ಕೇಳಾಕತ್ಯಾರ, ಹುಡುಗಿ ಹೆಗಲ ಮ್ಯಾಲ ಯಾರ ಕೈ ಅಂತ.”

ಚಿತ್ರದಲ್ಲಿ ಭುವನೇಶ್ವರಿ ಬಾಯ್ತುಂಬ ನಗುತ್ತಿದ್ದಳು. ಬಲ ಅಂಚಿನಿಂದ ಬಂದ ಒಂದು ಕೈ ಅವಳ ಭುಜ ಹಿಡಿದಿತ್ತು. ಮಣಿಕಟ್ಟಿನಲ್ಲಿ ಗಂಡಸರ ದೊಡ್ಡ ಸ್ಟೀಲ್ ವಾಚು.

“ನಮ್ಮ ಅಜ್ಜಿ ಕೈ ರೀ,” ಎಂದಳು ಭುವನೇಶ್ವರಿ. “ಅಜ್ಜ ಹೋದ ಮ್ಯಾಲ ಅವನ ವಾಚ್ ಆಕಿನೇ ಕಟ್ಕೋತಾಳ. ಅಣ್ಣ ಆಕಿನ್ನ ಕತ್ತರಿಸ್ಯಾನ, ಕೈ ಬಿಟ್ಟಾನ.”

“ಗಂಡ ಇಲ್ಲದವರು ಲಗ್ನದ ಫೋಟೊದಾಗ ಇರಬಾರದು ಅಂತಾರ,” ಸುನೀಲಕುಮಾರ ತಗ್ಗಿದ ದನಿಯಲ್ಲಿ ಹೇಳಿದ. “ಇನ್ನಷ್ಟು ಕತ್ತರಿಸಿದ್ರ ಈಕಿ ಕಿವಿ ಹೋಗ್ತಿತ್ತು.”

“ಕಿವಿ ಉಳಿಸಿ ಮರ್ಯಾದಿ ಕಳದಿ,” ಎಂದಳು ತಂಗಿ.

ಹೊಸ ಫೋಟೊ ತೆಗೆಯುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. “ಕ್ಯಾಮೆರಾ ಮುಂದ ನಾ ಕಳ್ಳಿ ಸಿಕ್ಕಂಗ ನಿಲ್ತೀನಿ. ಇದೊಂದೇ ನಾ ಇದ್ದಂಗ ಬಂದದ.”

ಹುಡುಗ ಅವಳಿಗೆ ಹಿಡಿಸಿದ್ದ. ಸಂಬಂಧ ಈಗ ಆ ಬೆರಳುಗಳ ಹತ್ತಿರ ಬಂದು ನಿಂತಿತ್ತು.

ಅಳಿಸುವುದು ಕಷ್ಟವೇನಲ್ಲ. ಆದರೆ ಕತ್ತರಿಸುವ ಮೊದಲಿನ ಫೋಟೊ ಕೇಳಿ ಪಡೆದು, ಮುದ್ರಿಸಿ ಮೇಜಿನ ಮೇಲಿಟ್ಟೆ. ಮೂಲೆಯಾಕಾರದ ಎರಡು ಕಪ್ಪು ರಟ್ಟು ನನ್ನ ಬಳಿ ಸದಾ ಇರುತ್ತವೆ. ಎದುರುಬದುರು ಇಟ್ಟು ಸರಿಸಿದರೆ ಬೇಕಾದ ಅಳತೆಯ ಚೌಕಟ್ಟು ಸಿಗುತ್ತದೆ.

ಮೊದಲು ಮುಖವಷ್ಟನ್ನೇ ಬಿಟ್ಟೆ. ಅವಳ ಕಣ್ಣು ಬಲಕ್ಕಿದ್ದವು. ನೋಟ ಹೋಗಿ ಅಂಚಿಗೆ ಬಡಿದು, ಯಾರನ್ನೋ ಕದ್ದು ನೋಡುವ ಹಾಗಿತ್ತು. ಸೊಂಟದವರೆಗೆ ಬಿಟ್ಟೆ. ಬೆರಳಿನ ಮೇಲೆ ಒಂದು ಕಾಗದದ ಚೂರು ಇಟ್ಟೆ. ಈಗ ಅವಳು ಆಸರೆಯಿಲ್ಲದೆ ಒಂದು ಕಡೆ ವಾಲಿ ಬೀಳುವಂತೆ ಕಂಡಳು.

ಆಮೇಲೆ ರಟ್ಟು ತೆಗೆದೆ. ಪಕ್ಕದಲ್ಲಿ ಅಜ್ಜಿ ಕಸ್ತೂರಿಬಾಯಿ ನಿಂತಿದ್ದರು. ಬರಿ ಹಣೆ, ಏನೋ ಹೇಳುತ್ತ ತೆರೆದ ಬಾಯಿ, ಇನ್ನೊಂದು ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು. ಮೊಮ್ಮಗಳು ವಾಲಿದ್ದು ಅವರ ಮೈಗೆ, ನೋಡುತ್ತಿದ್ದುದು ಅವರ ಬಾಯಿಯನ್ನು.

“ಅಜ್ಜಿ ಇಲ್ಲಂದ್ರ ನಾ ಯಾಕ ನಗಾಕತ್ತೀನಿ ಅಂತ ಯಾರಿಗೆ ತಿಳೀಬೇಕು?” ಎಂದಳು ಭುವನೇಶ್ವರಿ.

“ಆದ್ರೂ ಅಳಸ್ರಿ ಪರ್ವೇಜಣ್ಣ. ಸಂಬಂಧ ತಪ್ತದ.”

ಅಷ್ಟರಲ್ಲಿ ಅವಳು ಇಡೀ ಫೋಟೊವನ್ನು ಹುಡುಗನ ತಾಯಿಗೆ ಕಳಿಸಿಬಿಟ್ಟಿದ್ದಳು. ಕೆಳಗೆ ‘ನಮ್ಮ ಅಜ್ಜಿ ಕಸ್ತೂರಿಬಾಯಿಯವರ ಕೈ’ ಎಂದಷ್ಟೇ ಬರೆದಿದ್ದಳು. ಸುನೀಲಕುಮಾರ ಸ್ಟೂಲಿನ ಮೇಲೆ ಕುಸಿದು ಕೂತ. ಚಹಾ ತರಿಸಿದೆ, ಅವನು ಕುಡಿಯಲಿಲ್ಲ.

ಉತ್ತರ ಬಂದಾಗ ಅವನ ಕಪ್ಪಿನಲ್ಲಿ ಕೆನೆ ಕಟ್ಟಿತ್ತು. ಭುವನೇಶ್ವರಿ ಓದಿದಳು: “ಐತವಾರ ಬರ್ತೇವಿ. ಆ ವಾಚ್ ಇನ್ನೂ ನಡೀತದೇನ್ರಿ?”

“ನಡೀತದೇನು?” ನಾನು ಕೇಳಿದೆ.

“ಎಲ್ಲಿದು ರೀ. ಟೈಮ್ ನೋಡಬೇಕಂದ್ರ ನನ್ನ ಕೂಗ್ತಾಳ.”

ಭಾನುವಾರ ಕ್ಯಾಮೆರಾ ಹಿಡಿದು ಕಮಲಾಪುರಕ್ಕೆ ಹೋದೆ. ಮಾತುಕತೆ ಮುಗಿದು ಸಂಬಂಧ ಗಟ್ಟಿಯಾಗಿತ್ತು. ಎರಡೂ ಮನೆಯವರು ಅಂಗಳದಲ್ಲಿ ಸಾಲಾಗಿ ನಿಂತರು. ಕಸ್ತೂರಿಬಾಯಿ ಮಾತ್ರ ಹಣ್ಣಿನ ತಟ್ಟೆ ಹಿಡಿದು ಬಾಗಿಲ ಬದಿಗೆ ಸರಿದರು.

“ನಾ ಬ್ಯಾಡೋ ತಮ್ಮ. ಅವರಷ್ಟು ತಗಿ.”

ನಾನು ಕ್ಯಾಮೆರಾ ಕಣ್ಣಿಗಿಟ್ಟೆ. ಹಿಂದೆ ಸರಿದೆ. ಚೌಕಟ್ಟಿನೊಳಗೆ ಬಾಗಿಲ ಅಂಚು ಬಂತು, ತಟ್ಟೆ ಬಂತು, ವಾಚು ಬಂತು. ಬೆನ್ನು ಬೇವಿನ ಮರಕ್ಕೆ ತಗುಲಿತು. ಅವರ ಮುಖ ಮಾತ್ರ ಇನ್ನೂ ಬೀಗರ ಭುಜದ ಹಿಂದೆಯೇ ಇತ್ತು.

ಸುನೀಲಕುಮಾರ ನನ್ನ ಕಡೆ ನೋಡಿದ. ಹೊರಳಿ ಬಾಗಿಲ ಕಡೆ ನೋಡಿದ.

“ಮಾವಾರ, ಒಂಚೂರು ಈ ಕಡೆ ಬರ್ರಿ,” ಎಂದ. “ಅಜ್ಜಿ ಕಾಣವಲ್ಲಳು.”