ಕರಿ ಕೊಕ್ಕರೆಯ ಸಾಕ್ಷಿ

ಚಟ್ಟದ ಮುಂದಿನ ಬಿದಿರಿಗೆ ಬದರೀನಾರಾಯಣ ಮೇಷ್ಟ್ರು ಕೈ ಹಾಕುವಷ್ಟರಲ್ಲಿ ಅಂಚೆ ಕಚೇರಿಯ ಗುಮಾಸ್ತನೊಬ್ಬ ಅದನ್ನು ಹೆಗಲಿಗೇರಿಸಿಕೊಂಡುಬಿಟ್ಟಿದ್ದ.

"ಬಿಡಪ್ಪ, ನಾನು ಹಿಡೀತೀನಿ. ಚಿಕ್ಕಂದಿನ ಸ್ನೇಹ ನಮ್ಮದು," ಎಂದರು ಮೇಷ್ಟ್ರು.

"ನೀವು ಸ್ವಲ್ಪ ಕುಳ್ಳಗಿದ್ದೀರಲ್ಲ ಸಾರ್, ಏರುಪೇರಾಗತ್ತೆ. ಹಿಂದುಗಡೆ ಬನ್ನಿ."

ಹೆಣದ ಮುಂದೆ ಜಗಳವಾಡುವುದಕ್ಕಾಗುತ್ತದೆಯೇ? ಮೇಷ್ಟ್ರು ಹಿಂದಕ್ಕೆ ಹೋಗಿ ಹೆಗಲು ಕೊಟ್ಟರು. ಅವಮಾನವಾದಂತಾಗಿ ಕಿವಿ ಬಿಸಿಯಾಯಿತು. ಚಟ್ಟದ ಮೇಲೆ ಮಲಗಿದ್ದ ಶಂಕರನಾರಾಯಣನ ವಿಷಯದಲ್ಲಿ ಅವರ ಹೊಟ್ಟೆಕಿಚ್ಚು ಇವತ್ತು ನಿನ್ನೆಯದಲ್ಲ. ಖಾಲಿ ಮಾಡೆಂದರೂ ಮಾಡದ ಬಾಡಿಗೆದಾರನ ಹಾಗೆ ಅದು ಅವರೊಳಗೆ ಬಿಡಾರ ಹೂಡಿತ್ತು. ಸಾವಿನ ದಿನವಾದರೂ ಅದು ತೆಪ್ಪಗಿದ್ದೀತೆಂದುಕೊಂಡಿದ್ದರು. ಇರಲಿಲ್ಲ.

ಹೊಟ್ಟೆಕಿಚ್ಚು ಪಡುವುದಕ್ಕೆ ಶಂಕರನಾರಾಯಣನಲ್ಲಿ ಇದ್ದದ್ದಾದರೂ ಏನು? ನಂಜನಗೂಡಿನ ಅಂಚೆ ಕಚೇರಿಯಲ್ಲಿ ಸ್ಟಾಂಪು ಮಾರುತ್ತಾ, ಕಾಗದಗಳಿಗೆ ಮೊಹರು ಗುದ್ದುತ್ತಾ ತಲೆ ಹಣ್ಣು ಮಾಡಿಕೊಂಡ ಮನುಷ್ಯ. ಬಡ್ತಿ ಕೊಡುತ್ತೇವೆ, ಬೇರೆ ಊರಿಗೆ ಹೋಗು ಎಂದರೆ ಒಲ್ಲೆನೆಂದ. ಹದಿನಾರು ಎಂಬ ಹಳ್ಳಿಯ ಕೆರೆ ಸೈಕಲ್ಲಿಗೆ ಎಟುಕುವಷ್ಟು ದೂರದಲ್ಲಿದ್ದರೆ ಅವನಿಗೆ ಸಾಕಿತ್ತು. ದೀಪಾವಳಿಯ ಆಸುಪಾಸಿನಲ್ಲಿ ಉತ್ತರದ ಹಕ್ಕಿಗಳು ಇಳಿಯತೊಡಗಿದವೆಂದರೆ ಭಾನುವಾರಗಳಲ್ಲಿ ಆಸಾಮಿ ಮನೆಯಲ್ಲಿ ಸಿಕ್ಕುತ್ತಿರಲಿಲ್ಲ. ನಿನ್ನೆಯೂ ಕೆರೆಯಿಂದ ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಕಾಲು ತೊಳೆಯುತ್ತಿದ್ದವನು ಬಚ್ಚಲಲ್ಲೇ ಕುಸಿದಿದ್ದ. ತಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಬದರೀನಾರಾಯಣರು ಸುದ್ದಿ ಮುಟ್ಟಿದೊಡನೆ ಮೊದಲ ಬಸ್ಸು ಹಿಡಿದು ಬಂದಿದ್ದರು.

ಬಂದು ನೋಡಿದರೆ ಬೀದಿ ತುಂಬ ಜನ. ಹದಿನಾರಿನಿಂದ ಒಂದು ಲಾರಿ ಜನ ಬಂದು ಎದುರು ಮನೆಯ ಜಗಲಿಯ ಪಕ್ಕದಲ್ಲಿ ಕೂತಿದ್ದರು. ನಾನು ಸತ್ತರೆ ಯಾವ ಊರಿಂದ ಲಾರಿ ಬಂದೀತು ಎಂಬ ಲೆಕ್ಕಾಚಾರ ಮೇಷ್ಟ್ರ ತಲೆಯಲ್ಲಿ ತಾನಾಗಿಯೇ ಶುರುವಾಯಿತು. ಆ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಅಳುತ್ತಿದ್ದವನು ಮಹದೇವಯ್ಯ. ಕೆರೆಯಂಚಿನಲ್ಲಿ ಅವನ ಗದ್ದೆ. ಬಾಯಿ ದೊಡ್ಡದು, ಇದ್ದದ್ದಕ್ಕೆ ನಾಲ್ಕು ಸೇರಿಸಿ ಹೇಳುವ ಪೈಕಿ.

"ಮೊನ್ನೆ ವಾರ ನಮ್ಮಟ್ಟೀಲಿ ಮುದ್ದೆ ಉಂಡ್ರು ಕನ್ರಪ್ಪ, ನಮ್ ಸಂಕ್ರಪ್ನೋರು! ಇನ್ನೆಲ್ಲಿ ತರಾನ ಅಂತಾವ್ರ!"

'ನಮ್' ಶಂಕರಪ್ಪನವರಂತೆ. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಶಂಕರ ತಮ್ಮ ಮನೆಯಲ್ಲಿ ಒಂದು ಹೊತ್ತಿನ ಊಟಕ್ಕೂ ಕೂತವನಲ್ಲ.

ಒಳಗೆ ಶಂಕರನ ಹೆಂಡತಿ ಜಾನಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದ್ದರು: "ನಿಮ್ಮನ್ನ ನೆನೆಸ್ಕೊಳ್ತಾನೇ ಇದ್ರು. ಆ ಕರಿ ಕೊಕ್ಕರೆಗೆ ಬದರಿ ಒಂದು ಸಲ ಹೂಂ ಅಂದಿದ್ರೆ ಚೆನ್ನಾಗಿತ್ತು ಕಣೇ ಅಂತ ಈಗಲೂ ಹೇಳೋರು. ಅದೆಂಥದೋ ನಂಗೆ ಗೊತ್ತಾಗಲಿಲ್ಲ."

ಮೇಷ್ಟ್ರಿಗೆ ಗೊತ್ತಿತ್ತು.

*

ಅದು ಎಪ್ಪತ್ತೇಳನೇ ಇಸವಿಯ ಕಾರ್ತಿಕ. ಮೈಸೂರಿನಲ್ಲಿ ಹಕ್ಕಿ ನೋಡುವವರ ಕೂಟವೊಂದಿತ್ತು. ಎಲ್ಲಿ ಯಾವ ಅಪರೂಪದ ಹಕ್ಕಿ ಬಂತು, ಮೊದಲು ಕಂಡವರು ಯಾರು ಎಂಬುದನ್ನು ಕೂಟದವರು ವರ್ಷಕ್ಕೊಮ್ಮೆ ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದರು. ಒಬ್ಬರೇ ಕಂಡರೆ ನಡೆಯದು. ಹೌದೆನ್ನಲು ಇನ್ನೊಬ್ಬರು ಬೇಕು. ಈ ಕಡೆ ಇದ್ದವರು ಇಬ್ಬರೇ ಆದ್ದರಿಂದ ಬದರಿಗೆ ಶಂಕರ ಸಾಕ್ಷಿ, ಶಂಕರನಿಗೆ ಬದರಿ.

ಆ ಭಾನುವಾರ ಬಸ್ಸಿನ ಕಂಡಕ್ಟರ್ ಮೇಷ್ಟ್ರ ಮನೆಗೇ ಬಂದು, ಶಂಕರಪ್ಪನವರು ಹೇಳಿಕಳಿಸಿದ್ದಾರೆ, ಕೆರೆಗೆ ಕರಿ ಕೊಕ್ಕರೆ ಬಂದಿದೆಯಂತೆ, ಇದ್ದ ಹಾಗೇ ಹೊರಡಬೇಕಂತೆ ಎಂದು ಹೇಳಿಹೋದ. ಮೈಸೂರು ಸೀಮೆಯಲ್ಲಿ ಕೂಟದವರು ಯಾರೂ ಕಾಣದ ಹಕ್ಕಿ ಅದು. ಮೇಷ್ಟ್ರು ಎದ್ದುಬಿದ್ದು ಓಡಿದರು. ಅವರು ಕೆರೆ ಏರಿ ಹತ್ತುವ ಹೊತ್ತಿಗೆ ಹಕ್ಕಿ ಎದ್ದುಹೋಗಿತ್ತು.

"ಈಗ ತಾನೇ ಹೋಯ್ತು ಕಣೋ, ಈಗ ತಾನೇ!" ಶಂಕರನ ಮುಖದಲ್ಲಿ ಮದುವೆ ಗಂಡಿನ ಕಳೆ. "ಬೆನ್ನು ಕಪ್ಪು, ಕತ್ತು ಕಪ್ಪು, ಕೊಕ್ಕು ಕಾಲು ಕೆಂಪು. ಹೊಟ್ಟೆ ಮಾತ್ರ ಬಿಳಿ. ಮಹದೇವಯ್ಯನೂ ನೋಡಿದ, ಕೇಳು ಬೇಕಾದರೆ."

ಆ ಕಳೆಯನ್ನು ಮೇಷ್ಟ್ರಿಗೆ ಸಹಿಸಲಾಗಲಿಲ್ಲ. ಅದೇ ತರಹದ, ಬಿಳಿ ಕತ್ತಿನ ಕೊಕ್ಕರೆಯೊಂದು ಪ್ರತಿ ವರ್ಷ ಕೆರೆಗೆ ಬರುತ್ತಿತ್ತು. ಎರಡಕ್ಕೂ ಗೊತ್ತಾಗುವ ವ್ಯತ್ಯಾಸವೇ ಕತ್ತು. ಅವರು ಬದುವಿನ ಮೇಲೆ ನಿಂತಿದ್ದ ಮಹದೇವಯ್ಯನ ಕಡೆ ತಿರುಗಿ, ತರಗತಿಯಲ್ಲಿ ಕೇಳುವ ಧ್ವನಿಯಲ್ಲೇ ಕೇಳಿದರು: "ಕತ್ತು ಬೆಳ್ಳಗಿತ್ತು, ಅಲ್ಲವೇನಯ್ಯ?"

ಮಹದೇವಯ್ಯ ಇವರ ಮುಖ ನೋಡಿದ, ಅವರ ಮುಖ ನೋಡಿದ. "ಊಂ ಸಾ. ಬೆಳ್ಳುಗಿತ್ತು."

ಶಂಕರ ಯಾಕೋ ನಕ್ಕುಬಿಟ್ಟ. ಕೂಟದವರು ಕೇಳಿದಾಗ, ಜೊತೆಯಲ್ಲಿದ್ದವನೇ ಕತ್ತು ಬಿಳಿ ಅನ್ನುತ್ತಾನೆ ಎಂದು ಮೇಷ್ಟ್ರು ಬರೆದರು. ಅಲ್ಲಿಗೆ ಶಂಕರನ ಹಕ್ಕಿ ಹಾರಿಹೋಯಿತು. ಅವನು ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಮುಂದಿನ ಭಾನುವಾರವೂ ಎಂದಿನಂತೆ ತನ್ನ ಉಪ್ಪಿಟ್ಟಿನಲ್ಲಿ ಅರ್ಧ ತೆಗೆದಿಟ್ಟು ಕಾಯುತ್ತಿದ್ದ.

ಅಂದಿನಿಂದ ಮೇಷ್ಟ್ರಿಗೆ ಒಂದೇ ಹಟ. ಕರಿ ಕೊಕ್ಕರೆಯನ್ನು ಮೊದಲು ಕಂಡವರು ಬದರೀನಾರಾಯಣ ಎಂದು ಕೂಟದವರು ಹಂಚುವ ಆ ಹಾಳೆಯಲ್ಲಿ ಬರಬೇಕು. ಮಳೆ ಹಿಂದಾಯಿತೆಂದರೆ ಹೆಮ್ಮಿಗೆಯ ಹೊಳೆದಂಡೆ, ತಿರುಮಕೂಡಲಿನ ಮರಳು ಎಂದು ಒಬ್ಬರೇ ಅಲೆದರು. ಶಂಕರನಿಗೆ ಹೇಳದೆ ಅಲೆದರು.

*

ಕಪಿಲೆಯ ದಂಡೆಯಲ್ಲಿ ಮಡಕೆ ಒಡೆದ ಸದ್ದಾಯಿತು. ಮಗ ಶ್ರೀಕಂಠ ಬೆನ್ನು ಹಾಕಿ ನಿಂತು ಚಿತೆಗೆ ಬೆಂಕಿಯಿಟ್ಟ.

"ಯಾರೂ ತಿರುಗಿ ನೋಡಬಾರದು," ಎಂದರು ಪುರೋಹಿತರು. "ಸೀದಾ ಸ್ನಾನಘಟ್ಟಕ್ಕೆ ನಡೀರಿ."

ಎಲ್ಲರೂ ತಲೆ ತಗ್ಗಿಸಿ ನಡೆದರು. ಮೇಷ್ಟ್ರು ಕೊನೆಯಲ್ಲಿದ್ದರು. ಅವರ ಮುಂದಿನ ಮರಳಿನ ಮೇಲೆ ನೆರಳೊಂದು ಸರಿಯಿತು. ದೊಡ್ಡ ರೆಕ್ಕೆಯ, ಕತ್ತು ಚಾಚಿದ ನೆರಳು. ಅದು ಅವರನ್ನು ದಾಟಿ ಹಿಂದಕ್ಕೆ, ಚಿತೆಯ ದಿಕ್ಕಿಗೆ ಹೋಯಿತು. ಶಾಸ್ತ್ರವೆಲ್ಲ ಮರೆತು ಮೇಷ್ಟ್ರು ಗಕ್ಕನೆ ತಿರುಗಿದರು.

ಚಿತೆಯಾಚೆ, ಮೊಣಕಾಲುದ್ದದ ನೀರಿನಲ್ಲಿ ಅದು ಇಳಿದು ನಿಂತಿತ್ತು. ಕೆಂಪು ಕೊಕ್ಕು, ಕೆಂಪು ಕಾಲು, ಬಿಳಿ ಹೊಟ್ಟೆ. ಬಿಸಿಲಿಗೆ ಹಸಿರು ಮಿಂಚುವ ಕಪ್ಪು ಬೆನ್ನು. ಕತ್ತೂ ಕಪ್ಪು.

"ಮೇಷ್ಟ್ರೇ! ತಿರುಗಬಾರದು ಅಂದೆನಲ್ಲ!" ಹಿಂದಿನ ಹೆಜ್ಜೆ ಸದ್ದು ನಿಂತದ್ದು ಗೊತ್ತಾಗಿ ಪುರೋಹಿತರು ಅತ್ತ ಮುಖ ಮಾಡಿಕೊಂಡೇ ಗದರಿದರು.

"ಬೈಬೇಡಿ ಪುರೋಹಿತರೇ," ಎಂದ ಶ್ರೀಕಂಠ. "ಬಿಟ್ಟು ಬರೋಕೆ ಅವರಿಗೆ ಮನಸ್ಸು ಬರ್ತಿಲ್ಲ. ಅಪ್ಪನಿಗೆ ಅಂತ ಇದ್ದ ಸ್ನೇಹಿತರು ಅವರೊಬ್ಬರೇ."

"ಪಾಪ," ಎಂದರು ಯಾರೋ. ಅಷ್ಟು ಜನರಲ್ಲಿ ಒಬ್ಬರೂ ತಿರುಗಲಿಲ್ಲ.

ಹದಿನಾರಿನವರು ಲಾರಿಯ ಕಡೆ ಹೊರಟುಹೋಗಿದ್ದರು. ದೂರದ ಹೊಂಗೆಮರದ ಬುಡದಲ್ಲಿ ಮಹದೇವಯ್ಯ ಒಬ್ಬನೇ ನಿಂತಿದ್ದ. ಮೇಷ್ಟ್ರು ಕೈಸನ್ನೆ ಮಾಡಿ ಕರೆದರು.

"ಅಲ್ಲಿ ನೋಡು. ಕಂಡಿತಾ? ನಾನು ತೋರಿಸಿದೆ, ನೀನು ನೋಡಿದೆ. ನೆನಪಿಟ್ಟುಕೋ."

ಮಹದೇವಯ್ಯ ಕಣ್ಣೊರೆಸಿಕೊಂಡು ನೋಡಿದ. ಅವನ ಮುಖ ಅರಳಿತು. "ಅಯ್ಯೋ, ಇದೇಯ ಸಾ! ಅವತ್ತು ನಮ್ ಕೆರೆಗ್ ಬಂದಿತ್ತಲ್ಲಾ, ಅದೇಯಾ!"

"ಅವತ್ತು ಕತ್ತು ಬೆಳ್ಳಗಿತ್ತು ಅಂದೆ ನೀನು!"

"ನೀವು ಅಂದ್ರಿ ಸಾ. ಮೇಷ್ಟ್ರು ಬಾಯಲ್ಲಿ ಬಂದ್ಮ್ಯಾಕೆ ಇಲ್ಲ ಅನ್ನಾದು ಎಂಗೆ? ನೀವು ಬಸ್ ಅತ್ತುದ್ ಮ್ಯಾಲೆ ಸಂಕ್ರಪ್ನೋರ್ಗೆ ಯೋಳ್ದೆ, ತಪ್ಪಾಯ್ತು ಬುದ್ದಿ, ಕರ್ರಗೇ ಇತ್ತು ಅಂತ. ಗೊತ್ತು ಬುಡು ಮಾದೇವ, ಬದರಿ ಮನಸ್ಗೆ ಬ್ಯಾಸರ ಮಾಡ್ಬ್ಯಾಡ ಅಂದ್ರು."

ಹಾಗಾದರೆ ಶಂಕರನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ ಉಪ್ಪಿಟ್ಟು ಎತ್ತಿಡುತ್ತಿದ್ದ. ಬೈಯದೆ, ಕೇಳದೆ, ದಾನ ಕೊಟ್ಟ ಹಾಗೆ ಬಿಟ್ಟುಕೊಟ್ಟಿದ್ದ. ಈ ದೊಡ್ಡತನಕ್ಕೂ ಮೇಷ್ಟ್ರ ಹೊಟ್ಟೆ ಉರಿಯಿತು. ಆ ಹಕ್ಕಿಗಾಗಿ ಉರಿದದ್ದಕ್ಕಿಂತ ಹೆಚ್ಚಾಗಿ ಉರಿಯಿತು.

ಆಮೇಲೆ ಅವರಿಗೆ ಇನ್ನೊಂದು ಹೊಳೆಯಿತು. ಇವತ್ತಿನ ಹಕ್ಕಿಗೆ ಇರುವ ಸಾಕ್ಷಿ ಈ ಮಹದೇವಯ್ಯನೊಬ್ಬನೇ. ಇವನ ಮಾತು ನಿಜವೆಂದರೆ ಮೊದಲು ಕಂಡವನು ಶಂಕರ. ಸುಳ್ಳೆಂದರೆ ತಾವೂ ಕಂಡಂತಾಗಲಿಲ್ಲ.

"ಮೈಸೂರ್ನೋರು ಕೇಳುದ್ರೆ ಏನಂತ ಯೋಳ್ಬೇಕು ಸಾ?" ಮಹದೇವಯ್ಯ ವಿನಯದಿಂದ ಕೈಕಟ್ಟಿ ನಿಂತ. "ನೀವೇ ಯೋಳ್ಕೊಡಿ. ಕರ್ರಗಿತ್ತು ಅಂದ್ರೆ ಕರ್ರಗೆ, ಬೆಳ್ಳಗೆ ಅಂದ್ರೆ ಬೆಳ್ಳಗೆ."

ಮೇಷ್ಟ್ರು ಉತ್ತರ ಕೊಡಲು ಬಾಯಿ ತೆರೆದರು. ಗಾಳಿ ತಿರುಗಿ ಚಿತೆಯ ಹೊಗೆ ನುಗ್ಗಿತು. ಕೆಮ್ಮು ಒತ್ತರಿಸಿ ಬಂದು ಅವರ ಭುಜಗಳು ಕುಲುಕಿದವು.

ಸ್ನಾನಘಟ್ಟದ ಕಡೆಯಿಂದ ಶ್ರೀಕಂಠ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಬಂದ. ಚಿತೆ ಕಣ್ಣಿಗೆ ಬೀಳದಿರಲೆಂದು ಬೆನ್ನು ಇತ್ತ ಮಾಡಿಕೊಂಡೇ ಬಂದು, ಒದ್ದೆ ಕೈಯನ್ನು ಹಿಂದಕ್ಕೆ ಚಾಚಿ ತಡಕಾಡಿ ಮೇಷ್ಟ್ರ ಕೈಯನ್ನು ಹಿಡಿದುಕೊಂಡ. "ಅಳಬೇಡಿ ಮಾಮ, ಬನ್ನಿ," ಎಂದ.

ಅಪ್ಪ ಕಂಡಿದ್ದ ಹಕ್ಕಿ ಅವನ ಬೆನ್ನ ಹಿಂದೆ ಕಪ್ಪು ಕತ್ತನ್ನು ಬಗ್ಗಿಸಿ ನಿಧಾನವಾಗಿ ಮೀನು ಹುಡುಕುತ್ತಿತ್ತು. ಮೇಷ್ಟ್ರು ಅತ್ತಲೇ ನೋಡುತ್ತಾ, ತಿರುಗಿ ನೋಡಬಾರದ ಆ ಹುಡುಗನ ಕೈ ಹಿಡಿದುಕೊಂಡು, ನೋಡು ಎನ್ನಲಾರದೆ ನಿಂತರು.