ಅಪ್ಪನ ಏಳು ದಿನದ ಮೌನ

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ನನ್ನ ಕೆಲಸವೇ ಗಂಟಲು. ಧ್ವನಿ ಕೆಟ್ಟವರು ಬರುತ್ತಾರೆ, ಹೇಗೆ ಮಾತಾಡಬೇಕು, ಹೇಗೆ ಮಾತಾಡಬಾರದು ಎಂದು ಹೇಳಿಕೊಡುತ್ತೇನೆ. ಮೂರು ವಾರಕ್ಕಿಂತ ಹೆಚ್ಚು ಧ್ವನಿ ಗೊಗ್ಗರಾಗಿದ್ದರೆ ಡಾಕ್ಟರಿಗೆ ತೋರಿಸಿ ಎಂದು ಊರಿಗೆಲ್ಲ ಹೇಳಿ ಹೇಳಿ ನನಗೇ ಸಾಕಾಗಿದೆ. ಇಂಥವಳ ಅಪ್ಪ ಏಳು ತಿಂಗಳು ಗೊಗ್ಗರು ಧ್ವನಿ ಇಟ್ಟುಕೊಂಡು ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಕಷಾಯ ಕುಡಿಯುತ್ತ ಕೂತಿದ್ದರು ಎಂದರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಅಪ್ಪ ಅಂದರೆ ವಿಷ್ಣುಪ್ರಸಾದ ಮೇಷ್ಟ್ರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ, ಒಂದೊಂದು ಕ್ಲಾಸಿಗೆ ಅರವತ್ತು ಮಕ್ಕಳು, ಮೈಕಿಲ್ಲ. ರಿಟೈರ್ ಆದಮೇಲೂ ಸಂಜೆ ಜಗಲಿಯಲ್ಲಿ ಶ್ಲೋಕದ ಕ್ಲಾಸು. ಆ ಧ್ವನಿ ಬೀದಿ ಕೊನೆಯ ತನಕ ಕೇಳುತ್ತಿತ್ತು. ಅವರ ಆಸ್ತಿ ಅದೊಂದೇ.

ನಾನು ಪ್ರತಿ ಭಾನುವಾರ ಹೋಗಿ ಕಾಗದದ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. "ನೋಡಿ ಅಪ್ಪ, ಇವೆರಡು ಧ್ವನಿತಂತು. ಜೋರಾಗಿ ಮಾತಾಡಿ ಮಾತಾಡಿ ಎರಡೂ ಕಡೆ ಜಡ್ಡುಗಟ್ಟಿದರೆ ಸಣ್ಣ ಗಂಟು. ಒಂದೇ ಕಡೆ ಮೆತ್ತಗಿನ ಬೊಕ್ಕೆ ಥರ ಬೆಳೆದರೆ ಪಾಲಿಪ್. ನರ ಕೆಟ್ಟು ಒಂದು ತಂತು ಅಲ್ಲಾಡದೇ ಇರಬಹುದು. ಹುಳಿತೇಗು ಗಂಟಲಿಗೆ ಬಂದು ಸುಟ್ಟಿರಬಹುದು. ಒಳಗೆ ಏನೂ ಇಲ್ಲದೆ ಬರೀ ಕತ್ತು ಬಿಗಿ ಹಿಡಿದು ಮಾತಾಡೋದ್ರಿಂದಲೂ ಆಗತ್ತೆ. ಯಾವುದು ಅಂತ ಕ್ಯಾಮೆರಾ ಹಾಕಿ ನೋಡದೆ ಗೊತ್ತಾಗಲ್ಲ."

ಅಪ್ಪ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದು ಸಲ ಜೋರಾಗಿ ಕ್ಯಾಕರಿಸುತ್ತಿದ್ದರು. ಅದನ್ನೇ ಮಾಡಬಾರದು ಎಂದು ಆಗಷ್ಟೇ ಹೇಳಿರುತ್ತಿದ್ದೆ. "ಶೀತ ಕಣೇ ಇದು."

ಎದುರು ಮನೆಯ ಕೊಟ್ರಬಸಪ್ಪ ಮಾಮ ಇನ್ನೊಬ್ಬರು. "ಮೇಷ್ಟ್ರೇ, ವೀಳ್ಯದೆಲೇಲಿ ಲವಂಗ ಇಟ್ಕೊಂಡು ಅಗೀರಿ. ಡಾಕ್ಟ್ರು ಗೀಕ್ಟ್ರು ಯಾಕೆ?" ಅನ್ನುತ್ತಿದ್ದರು. ಡಾಕ್ಟರ ಹತ್ತಿರವೇ ಕೆಲಸ ಮಾಡುವ ನಾನು ಅಲ್ಲೇ ನಿಂತಿರುತ್ತಿದ್ದೆ.

ಅಂತೂ ಎಳೆದುಕೊಂಡು ಬಂದೆ. ನಮ್ಮ ಗಂಟಲು ಡಾಕ್ಟರ್ ಸಮತಾ ನೋಡಿ ಪಾಲಿಪ್ ಅಂದರು, ತೆಗೆದರು. ಕೆಟ್ಟದ್ದೇನೂ ಅಲ್ಲವೆಂದು ರಿಪೋರ್ಟೂ ಬಂತು. ಆಪರೇಷನ್ ಆದಮೇಲೆ ಏಳು ದಿನ ಪೂರ್ತಿ ಮೌನ ಅಂದಿದ್ದರು. ತಂತುವಿನ ಮೇಲಿನ ಗಾಯ ನಯವಾಗಿ ಮಾಯದಿದ್ದರೆ ಒಡಕು ಧ್ವನಿಯೇ ಕಾಯಂ.

ಮನೆಗೆ ಕರೆದುಕೊಂಡು ಹೋಗಿ, ಒಂದು ಸ್ಲೇಟು ಕೈಗೆ ಕೊಟ್ಟು, "ಏಳು ದಿನ ಬಾಯಿ ಮುಚ್ಕೊಂಡಿರಿ ಅಪ್ಪ, ಅಷ್ಟು ಸಾಕು" ಎಂದೆ. ಅಷ್ಟೇ ಹೇಳಿದ್ದು.

ಅಪ್ಪ ಆಶ್ಚರ್ಯವಾಗುವಷ್ಟು ಚೆನ್ನಾಗಿ ಪಾಲಿಸಿದರು. ಅಮ್ಮ ಸಾರಿಗೆ ಉಪ್ಪು ಹಾಕುವುದು ಮರೆತಾಗಲೂ ಸ್ಲೇಟಿನಲ್ಲೇ ಬರೆದರಂತೆ. ಕೊಟ್ರಬಸಪ್ಪ ಮಾಮ ಇಪ್ಪತ್ತು ವರ್ಷದಿಂದ ಅಪ್ಪನ ಜೊತೆ ವಾದ ಮಾಡಿ ಒಂದು ಸಲವೂ ಗೆದ್ದವರಲ್ಲ. ಆ ವಾರ ದಿನಾ ಬಂದು ಗೆದ್ದುಕೊಂಡು ಹೋದರು.

ಐದನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಬಾಗಿಲು ದಾಟುತ್ತಿದ್ದ ಹಾಗೆ ಸುಸ್ ಸುಸ್ ಎಂದು ಸದ್ದು. ಗ್ಯಾಸ್ ಲೀಕ್ ಆಗುತ್ತಿದೆ ಎಂದುಕೊಂಡು ಅಡುಗೆಮನೆಗೆ ಓಡಿದೆ. ಅಮ್ಮ ಆರಾಮಾಗಿ ಬೀನ್ಸ್ ಹೆಚ್ಚುತ್ತಿದ್ದಳು. ಸದ್ದು ದೇವರಮನೆಯದು. ಅಪ್ಪ ಜಪಸರ ಹಿಡಿದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಪಿಸುಗುಡುತ್ತಿದ್ದರು.

"ಅಪ್ಪ! ಏನ್ ಮಾಡ್ತಿದೀರಿ?"

ಅವರು ಕಣ್ಣು ಬಿಟ್ಟರು. ಮಣಿ ಎಲ್ಲಿದೆಯೋ ಅಲ್ಲೇ ಹೆಬ್ಬೆರಳು ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಸ್ಲೇಟು ಎಳೆದುಕೊಂಡರು. "ಇದು ಮಾತಲ್ಲ. ಉಪಾಂಶು ಜಪ. ಪಕ್ಕದವರಿಗೂ ಕೇಳಬಾರದು, ಅದೇ ನಿಯಮ. ಮೌನ ಮುರಿಯುವುದಿಲ್ಲ."

"ಎಷ್ಟು ಮಾಡ್ತಿದೀರಿ?"

"ಮೊದಲು ನೂರೆಂಟು. ಈಗ ಹೇಗೂ ಪುರುಸೊತ್ತು. ಬೆಳಿಗ್ಗೆ ಸಾವಿರ, ಸಂಜೆ ಸಾವಿರ."

ನನಗೆ ತಲೆ ಕೆಟ್ಟಿತು. "ಪಿಸುಗುಟ್ಟಿದ್ರೂ ಗಂಟಲು ಬಿಗಿಯತ್ತೆ, ಗಾಯಕ್ಕೆ ಅದೂ ಕೆಟ್ಟದ್ದೇ! ಆಪರೇಷನ್ ಆದ ಜಾಗದ ಮೇಲೆ ದಿನಾ ಎರಡು ಸಾವಿರ!" ಎಂದು ಮನೆ ಹಾರಿಹೋಗುವ ಹಾಗೆ ಕಿರುಚಿದೆ.

"ಜಪ ಮಾಡೋರನ್ನ ಹಿಂಗೆ ಬೈತಾರೇನೇ ಮಾರಾಯ್ತಿ?" ಎಂದು ಅಮ್ಮ ಈಳಿಗೆ ಬಿಟ್ಟು ಬಂದಳು.

ಅವತ್ತೇ ಅಪ್ಪನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಬಂದೆ. ಸಮತಾ ಕ್ಯಾಮೆರಾ ಹಾಕಿ ನೋಡಿದರು. ತಂತು ಊದಿತ್ತು, ಗಾಯ ಕೆಂಪಗಿತ್ತು. "ಇವತ್ತಿಂದ ಇನ್ನೂ ಒಂಬತ್ತು ದಿನ" ಎಂದವರು ನನ್ನ ಕಡೆ ತಿರುಗಿದರು. "ಪಿಸುಗುಟ್ಟಬಾರದು ಅಂತ ನೀವು ಹೇಳಿರ್ಲಿಲ್ವಾ ಪ್ರಿಯಂವದಾ?"

ಹೇಳಿರಲಿಲ್ಲ. ಎಲ್ಲ ಪೇಷೆಂಟಿಗೂ ಮೊದಲು ಹೇಳುವ ಮಾತು ಅದೇ. ಅಪ್ಪನಿಗೆ ಮಾತ್ರ ಬಾಯಿ ಮುಚ್ಕೊಂಡಿರಿ ಅಂದಿದ್ದೆ. ಏಳು ತಿಂಗಳ ಸಿಟ್ಟು ನನ್ನ ಬಾಯಲ್ಲಿ ಅಷ್ಟೇ ಆಗಿ ಬಂದಿತ್ತು. ತಪ್ಪು ನನ್ನದು ಎಂದು ಗೊತ್ತಾದ ಮೇಲೆ ಸಿಟ್ಟು ಇಳಿಯಬೇಕಿತ್ತು, ಇನ್ನೂ ಏರಿತು.

ವಾಪಸ್ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ. "ಮನಸ್ಸಲ್ಲೇ ಮಾಡಬಹುದಿತ್ತಲ್ಲ ಅಪ್ಪ? ತುಟಿ ಅಲ್ಲಾಡದೇ ಇರೋ ಜಪವೇ ಎಲ್ಲಕ್ಕಿಂತ ದೊಡ್ಡದು ಅಂತ ಪಾಠ ಮಾಡಿದ್ದು ನೀವೇ ತಾನೇ?"

ಅಪ್ಪ ಸ್ಲೇಟು ತೊಡೆಯ ಮೇಲೆ ಇಟ್ಟುಕೊಂಡರು. ಬಸ್ಸು ಕುಲುಕುತ್ತಿತ್ತು, ಅಕ್ಷರ ಸೊಟ್ಟಗೆ ಬಂತು. "ಆಗಲಿಲ್ಲ." ಒರೆಸಿದರು. ಮತ್ತೆ ಬರೆದರು. "ಮನಸ್ಸಿನಲ್ಲಿ ಹೇಳಿದರೆ ಏನೂ ಕೇಳುವುದಿಲ್ಲ. ಗಂಟಲಲ್ಲಿ ಧ್ವನಿ ಉಳಿದಿದೆಯೋ ಇಲ್ಲವೋ ಅಂತ ಹೆದರಿಕೆ. ಅದಕ್ಕೇ ನೋಡಿಕೊಳ್ಳುತ್ತಿದ್ದೆ."

ಗಂಟು, ಪಾಲಿಪ್, ನರ ಎಂದು ಇವರಿಗೆ ಎಷ್ಟು ಚಿತ್ರ ಬರೆದು ತೋರಿಸಿದ್ದೆ. ಹೆದರಿಕೆ ಆಗುತ್ತಿದೆಯಾ ಎಂದು ಒಂದು ಸಲವೂ ಕೇಳಿರಲಿಲ್ಲ. ಏಳು ತಿಂಗಳು ಡಾಕ್ಟರ ಹತ್ತಿರ ಬರದೇ ಇದ್ದದ್ದೂ ಅದಕ್ಕೇ ಇರಬೇಕು. ಸ್ಲೇಟು ಇಸಿದುಕೊಂಡು ನಾನೂ ಬರೆದೆ: "ಧ್ವನಿ ಇದೆ ಅಪ್ಪ. ನಾನು ಕ್ಯಾಮೆರಾದಲ್ಲಿ ನೋಡಿದ್ದೀನಿ." ಅವರು ಅದನ್ನು ಒರೆಸಲಿಲ್ಲ. ಇಳಿಯುವ ತನಕ ಹಾಗೇ ಹಿಡಿದುಕೊಂಡು ಕೂತಿದ್ದರು.

ಒಂಬತ್ತು ದಿನ ಭದ್ರಾವತಿಯಿಂದಲೇ ಕೆಲಸಕ್ಕೆ ಓಡಾಡಿದೆ. ಬೆಳಿಗ್ಗೆ ಜಪದ ಹೊತ್ತಿಗೆ ಅವರ ಪಕ್ಕ ಕೂತು ತುಟಿ ಅಲ್ಲಾಡದ ಹಾಗೆ ಕಾದೆ. ಕೊಟ್ರಬಸಪ್ಪ ಮಾಮನಿಗೆ ಬಾಗಿಲಲ್ಲೇ ಕೈ ಮುಗಿದು ವಾಪಸ್ ಕಳಿಸಿದೆ.

ಕೊನೆಗೆ ಸಮತಾ ನೋಡಿ, ಮಾಯ್ದಿದೆ, ಇನ್ನು ಮೆಲ್ಲಗೆ ಮಾತಾಡಬಹುದು ಅಂದರು. ಮಾರನೆಯ ಬೆಳಿಗ್ಗೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, "ಬಾಯಿ ಮುಚ್ಚಿ ಮ್ ಅನ್ನಿ, ಅಷ್ಟೇ" ಎಂದು ಹೇಳಿಕೊಡುತ್ತಿದ್ದೆ. ಅವರು ಬಾಯಿ ಬಿಗಿಹಿಡಿದು ಕೂತಿದ್ದರು, ಧೈರ್ಯ ಬರುತ್ತಿರಲಿಲ್ಲ. ಅಷ್ಟರಲ್ಲಿ ಅಮ್ಮ ಲೋಟದ ತುಂಬ ಮೆಣಸಿನ ಕಷಾಯ ತಂದು ಅವರ ಮುಂದೆ ಇಟ್ಟಳು.

"ಅಮ್ಮಾ! ಎಷ್ಟು ಸಲ ಹೇಳ್ಬೇಕು ನಿಂಗೆ? ಖಾರ ಬೇಡ, ಬೇಡ, ಬೇಡ! ಈ ಮನೇಲಿ ನನ್ನ ಮಾತು ಯಾರಾದ್ರೂ ಕೇಳ್ತೀರಾ?" ಎಂದು ಕತ್ತಿನ ನರ ಉಬ್ಬುವ ಹಾಗೆ ಕೂಗಿದೆ.

"ಪ್ರಿಯಂವದಾ."

ಇಬ್ಬರೂ ತಿರುಗಿದೆವು. ಧ್ವನಿ ಸಣ್ಣಗಿತ್ತು, ಒಡಕಿರಲಿಲ್ಲ.

"ಮೆತ್ತಗೆ ಮಾತಾಡೇ," ಅಂದರು ಅಪ್ಪ. "ಗಂಟಲು ಹಾಳಾಗತ್ತೆ."

ನಾನು ಬಾಯಿ ಮುಚ್ಚಿಕೊಂಡೆ.