ದೋಣಿಯವನ ಊಟದ ಕರೆ

ಹನ್ನೊಂದು ವರ್ಷ ಕೊಲ್ಲಿ ದೇಶದ ನಿಜ್ವಾ ಎಂಬ ಊರಿನ ಹೆಣ್ಣುಮಕ್ಕಳಿಗೆ ಅವರದೇ ಬೆಟ್ಟದ ಭೂಗೋಳ ಹೇಳಿಕೊಟ್ಟೆ. ಜಬಲ್ ಅಖ್ದರ್, ಎತ್ತರ ಸುಮಾರು ಮೂರು ಸಾವಿರ ಮೀಟರ್, ಮುಖ್ಯ ಬೆಳೆ ಗುಲಾಬಿ ಮತ್ತು ದಾಳಿಂಬೆ. ಬೆಟ್ಟ ತರಗತಿಯ ಕಿಟಕಿಯಿಂದಲೇ ಕಾಣುತ್ತಿತ್ತು. ನಾನು ಅದಕ್ಕೆ ಬೆನ್ನು ಹಾಕಿ, ಅದರ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಒಂದು ದಿನವೂ ಹತ್ತಿರಲಿಲ್ಲ. ದೀಪದ ಕೆಳಗೆ ಕತ್ತಲೆ ಅಂತಾರಲ್ಲ, ಆ ಕತ್ತಲೆಗೆ ಸರ್ಕಾರ ಸಂಬಳ ಕೊಡುತ್ತಿತ್ತು.

ನನ್ನ ಗಂಡ ಶವ್ಕಿ ಗಂಡುಮಕ್ಕಳ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಎಲ್ಲಿಗೆ ಹೋಗೋಣ ಅಂದರೂ ಅವನದು ಒಂದೇ ರಾಗ: "ಇನಾಸ್, ನಾವು ಈಜಿಪ್ಟಿನವರು. ಜಗತ್ತೆಲ್ಲ ನಮ್ಮನ್ನ ನೋಡೋಕೆ ಬರುತ್ತೆ. ನಾವು ಹೋಗಿ ಕಲ್ಲುಗುಡ್ಡ ನೋಡೋದಾ?" ಮಹಾರಾಯ ಪಿರಮಿಡ್ ನೋಡಿದ್ದು ನಾಲ್ಕನೇ ಕ್ಲಾಸಿನ ಪ್ರವಾಸದಲ್ಲಿ. ಬಸ್ಸಿನಲ್ಲಿ ಇಬ್ಬರು ವಾಂತಿ ಮಾಡಿಕೊಂಡಿದ್ದು ಬಿಟ್ಟರೆ ಅವನಿಗೆ ಬೇರೇನೂ ನೆನಪಿಲ್ಲ.

ಆ ಮೇ ತಿಂಗಳಲ್ಲಿ ಕಾಗದ ಬಂತು. ಈ ಕೆಲಸಗಳು ಇನ್ನು ಮುಂದೆ ಊರಿನ ಹುಡುಗಿಯರಿಗೆ, ನಿಮ್ಮ ಸೇವೆಗೆ ಧನ್ಯವಾದ. ನನ್ನ ಜಾಗಕ್ಕೆ ಬಂದವಳು ನನ್ನದೇ ಶಿಷ್ಯೆ. ಚೆನ್ನಾಗಿರಲಿ, ನೂರು ನೋಟ್‌ಬುಕ್ ತಿದ್ದುವಾಗ ನನ್ನನ್ನು ನೆನೆಯಲಿ. ಜೂನ್ ಕೊನೆಗೆ ನಾವು ಮನ್ಸೂರಾಕ್ಕೆ, ನೈಲ್ ದಂಡೆಯ ನಮ್ಮೂರಿಗೆ, ವಾಪಸ್. ಕೈಯಲ್ಲಿ ಉಳಿದದ್ದು ಐದು ವಾರ.

ಅಂದು ಸ್ಟಾಫ್ ರೂಮಿನಲ್ಲಿ ಟ್ಯುನೀಶಿಯಾದ ರೌದಾ ಕೇಳಿದಳು. ಬಂದು ಎರಡು ವರ್ಷವಾಗಿಲ್ಲ, ಕೋಟೆ, ಮರಳುದಿಬ್ಬ, ಆಮೆ ಮೊಟ್ಟೆಯಿಡುವ ಕಡಲತೀರ, ಎಲ್ಲ ಮುಗಿಸಿದ್ದಾಳೆ. "ಇಷ್ಟು ವರ್ಷದಲ್ಲಿ ಏನೇನು ನೋಡಿದ್ರಿ?"

"ಸೂಪರ್ ಮಾರ್ಕೆಟ್," ಎಂದೆ. "ಎರಡು ಮಹಡಿಯದು."

"ಬೆಟ್ಟ?"

"ನಮ್ಮ ಕಾರು ಚಿಕ್ಕದು. ಜೀಪ್ ಅಲ್ಲದಿದ್ರೆ ಬುಡದಲ್ಲೇ ಪೊಲೀಸರು ತಡೀತಾರೆ."

ಅದು ಸುಳ್ಳಲ್ಲ, ಆದರೆ ನಿಜವಾದ ಕಾರಣವೂ ಅಲ್ಲ. ಬಾಡಿಗೆ ಜೀಪ್ ಹತ್ತಿ ಯಾರಾದರೂ ಹೋಗಬಹುದು. ಹನ್ನೊಂದು ವರ್ಷ ಇದ್ದ ಊರಿನಲ್ಲಿ ಟೋಪಿ ಹಾಕಿದ ಪ್ರವಾಸಿಯಾಗಿ ಹೋಗಲು ನನಗೆ ಮನಸ್ಸಿರಲಿಲ್ಲ. ಯಾರಾದರೂ ಒಬ್ಬರು ನನ್ನನ್ನು ಮನಸಾರೆ ಕರೆಯಬೇಕಿತ್ತು. ಕರೆಯದೆ ಕಳಿಸಿಬಿಡುತ್ತಾರಲ್ಲ ಎಂಬುದೇ ಸಂಕಟ.

"ಝುವೈನಾ ಕರೀಲೇ ಇಲ್ವಾ?" ರೌದಾ ಹುಬ್ಬೇರಿಸಿದಳು. "ನಾನು ನಾಲ್ಕು ಸಲ ಹೋಗಿದ್ದೀನಿ."

ನಾಲ್ಕು ಸಲ! ಝುವೈನಾ ನಮ್ಮ ಶಾಲೆಯ ಆಯಾ. ಗುಡಿಸಿ ಒರೆಸಿ ನಮಗೆಲ್ಲ ಚಹಾ ಕೊಡುವವಳು. ಅವಳ ತಾಯಿಮನೆ ಬೆಟ್ಟದ ಮೇಲೆ. ಪ್ರತಿ ಏಪ್ರಿಲಿನಲ್ಲೂ ಚಹಾದ ತಟ್ಟೆ ಹಿಡಿದು ಹೇಳುತ್ತಿದ್ದಳು: "ಟೀಚರಮ್ಮ, ಗುಲಾಬಿ ಬಿಟ್ಟಿದೆ, ಶುಕ್ರವಾರ ಮೇಲೆ ಬನ್ನಿ." ನಾನು ಅನ್ನುತ್ತಿದ್ದೆ: "ದೇವರು ನಿನ್ನ ಚೆನ್ನಾಗಿಟ್ಟಿರಲಿ, ಯಾಕೆ ತೊಂದರೆ, ಇನ್ನೊಂದ್ಸಲ ನೋಡೋಣ." ಅವಳು "ಸರಿ" ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಏನು ಸರಿ? ನಮ್ಮ ಮನ್ಸೂರಾದಲ್ಲಿ ಅದು ಮೊದಲ ಸುತ್ತು! ಎರಡನೇ ಸುತ್ತಿಗೆ ತೋಳು ಹಿಡಿದು ಎಳೆಯಬೇಕು. ಮೂರನೆಯದಕ್ಕೆ ಮನೆಯ ಗಂಡಸು "ನೀವು ಉಣ್ಣದಿದ್ದರೆ ನನ್ನ ಹೆಂಡತಿಗೆ ತಲಾಖ್" ಎಂದು ಆಣೆ ಹಾಕಬೇಕು. ಆಮೇಲೆ, ಪಾಪ ಆ ಹೆಂಗಸಿನ ಸಂಸಾರ ಉಳಿಯಲಿ ಅಂತ, ನಾವು ಕೂತು ಉಣ್ಣುತ್ತೇವೆ. ಒಂದೇ ಸಲ ಕರೆದು ಸುಮ್ಮನಾಗುವುದಕ್ಕೆ ನಮ್ಮಲ್ಲಿ ದೋಣಿಯವನ ಕರೆ ಅನ್ನುತ್ತಾರೆ. ನದಿಯ ನಡುವೆ ಕೂತು ದಂಡೆಯವರನ್ನು "ಬನ್ರಪ್ಪಾ ಊಟಕ್ಕೆ" ಎಂದು ಕೂಗುವವನಿಗೆ ಯಾರೂ ಈಜಿಕೊಂಡು ಬರುವುದಿಲ್ಲ ಎಂಬ ಧೈರ್ಯ. ಝುವೈನಾಳದ್ದೂ ಅದೇ ಎಂದುಕೊಂಡು ಹತ್ತು ವರ್ಷ ಒಳಗೊಳಗೇ ಉರಿದುಕೊಂಡಿದ್ದೆ. ಈ ವರ್ಷ ಅವಳು ಆ ಒಂದು ಸಲವೂ ಕರೆಯಲಿಲ್ಲ.

ರೌದಾ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಇಲ್ಲಿಯವರು ನಿಮ್ಮ ಮಾತು ನಂಬ್ತಾರ್ರೀ! ಬೇಡ ಅಂದ್ರೆ ಬೇಡ ಅಂತಲೇ ತಿಳ್ಕೋತಾರೆ."

ಮಾನ ಮರ್ಯಾದೆಯನ್ನೆಲ್ಲ ಪರ್ಸಿನೊಳಗಿಟ್ಟು ಜಿಪ್ ಎಳೆದು, ಝುವೈನಾ ಲೋಟ ತೊಳೆಯುತ್ತಿದ್ದಲ್ಲಿಗೆ ಹೋದೆ.

"ಈ ವರ್ಷ ಕರೀಲೇ ಇಲ್ವಲ್ಲೇ?"

"ಹತ್ತು ವರ್ಷ ಬೇಡ ಅಂದ್ರಲ್ಲ ಟೀಚರಮ್ಮ. ಮತ್ತೆ ಮತ್ತೆ ಕರೆದು ನಿಮ್ಮನ್ಯಾಕೆ ಪೀಡಿಸಲಿ ಅಂತ."

"ಈಗ ಬರ್ತೀನಿ ಅಂದ್ರೆ?"

ಅವಳು ನಲ್ಲಿ ನಿಲ್ಲಿಸಿದಳು. "ಗುಲಾಬಿ ಮುಗೀತು. ಪರವಾಗಿಲ್ವಾ?"

"ಮುಳ್ಳಿದ್ದರೂ ಸಾಕು."

ಮನೆಯಲ್ಲಿ ಶವ್ಕಿ ಕೂಗಾಡಿದ. "ಕರೀದೇ ಇದ್ದಾಗ ನೀನೇ ಕೇಳ್ಕೊಂಡು ಹೋದ್ಯಾ? ಭಿಕ್ಷುಕಿ ಥರ?" ಶುಕ್ರವಾರ ಆಡಿನ ಮಾಂಸದ ಊಟ ಎಂದು ತಿಳಿದ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಹೊರಗೆ ನಿಂತಿದ್ದ.

ಝುವೈನಾಳ ಮಗ ಖಲ್ಫಾನ್, ಸೈನ್ಯದಲ್ಲಿರುವವನು, ಜೀಪ್ ಓಡಿಸಿದ. ಶವ್ಕಿ ಕಣ್ಣು ಮುಚ್ಚಿ ಬೆಟ್ಟದುದ್ದಕ್ಕೂ ಪ್ರಾರ್ಥನೆ ಹೇಳುತ್ತಿದ್ದ. ದಾರಿಯಲ್ಲಿ ಒಂದು ತಿರುವು ಬಂದರೆ ಅವನು ದೇವರಿಗೆ ಎರಡು ಹರಕೆ ಹೊರುತ್ತಿದ್ದ. ನಾನು ಕಣ್ಣು ತೆರೆದೇ ಇದ್ದೆ. ಮೆಟ್ಟಿಲು ಮೆಟ್ಟಿಲಾದ ಗದ್ದೆಗಳು, ಕಲ್ಲಿನ ಕಾಲುವೆಯಲ್ಲಿ ಓಡುವ ನೀರು, ಹಳದಿ ತಿರುಗಿದ ಆಪ್ರಿಕಾಟ್ ಹಣ್ಣು. ಮೇಲೇರಿದಷ್ಟೂ ತಂಪು ಎಂದು ಹನ್ನೊಂದು ವರ್ಷ ಪಾಠ ಮಾಡಿದ್ದೆ. ನಿಜ್ವಾಕ್ಕಿಂತ ಹತ್ತು ಡಿಗ್ರಿ ಕಡಿಮೆಯ ಆ ಗಾಳಿ ಮುಖಕ್ಕೆ ಬಡಿದಾಗಲೇ ನನ್ನ ಪಾಠವನ್ನು ನಾನು ನಂಬಿದ್ದು.

ಗಂಡಸರ ಜಗಲಿಗೆ ಶವ್ಕಿಯನ್ನು ಕರೆದೊಯ್ದರು. ನಾನು ಒಳಮನೆಗೆ ಹೋದೆ. ಝುವೈನಾಳ ತಾಯಿ ಶಂಸಾ ಅಜ್ಜಿ ಕಾಫಿ ಬಗ್ಗಿಸಿ, ಖರ್ಜೂರ ಮುಂದೆ ತಳ್ಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಟೀಚರು ನೀನೇನಾ? ಪ್ರತಿ ವರ್ಷ ಬರಲ್ಲ ಅಂದೋಳು?"

"ಹೌದಜ್ಜಿ."

"ಕಸ ಗುಡಿಸೋಳ ಮನೇಗೆ ಟೀಚರು ಬರ್ತಾರೇನೇ, ಸುಮ್ನಿರು ಅಂತ ನಾನೇ ಇವಳಿಗೆ ಬೈದಿದ್ದೆ. ಆದ್ರೂ ಮಾರನೇ ವರ್ಷ ಹೋಗಿ ಕರೆಯೋಳು."

ಝುವೈನಾ ತಲೆ ಎತ್ತಲಿಲ್ಲ. ಚಾಪೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ನಾನು ಅಷ್ಟು ವರ್ಷವೂ ನನ್ನ ಅವಮಾನವನ್ನಷ್ಟೇ ಎಣಿಸಿಕೊಂಡಿದ್ದೆ. ಚಹಾದ ತಟ್ಟೆ ಹಿಡಿದು ಹಿಂದಿರುಗುವವಳಿಗೆ ಏನಾಗಿರಬಹುದು ಎಂಬ ಯೋಚನೆ ಒಮ್ಮೆಯೂ ಸುಳಿದಿರಲಿಲ್ಲ. ನಾಚಿಕೆಯಾಯಿತು. ಖರ್ಜೂರ ಬಾಯಲ್ಲಿದ್ದಂತೆಯೇ ಅತ್ತುಬಿಟ್ಟೆ. ಅಳುತ್ತಲೇ ದೋಣಿಯವನ ಕಥೆ, ಮೂರು ಸುತ್ತಿನ ಕಥೆ, ತಲಾಖಿನ ಆಣೆ ಎಲ್ಲ ಹೇಳಿದೆ.

ಅಜ್ಜಿ ಕೊನೆಯವರೆಗೂ ಕೇಳಿದಳು. "ಹಸಿವಾಗಿದ್ರೂ ಇಷ್ಟೆಲ್ಲ ಮಾಡ್ತೀರಾ?"

"ಹಸಿವಾಗಿದ್ರೆ ಇನ್ನೂ ಜಾಸ್ತಿ ಮಾಡ್ತೀವಿ."

ಝುವೈನಾ ನಕ್ಕಳು. ನನ್ನ ಕಣ್ಣೀರನ್ನು ತನ್ನ ತಲೆವಸ್ತ್ರದ ತುದಿಯಿಂದಲೇ ಒರೆಸಿ, "ಮೊದಲೇ ಹೇಳಬಾರದಿತ್ತಾ, ತೋಳು ಹಿಡಿದು ಎಳೀತಿದ್ದೆ," ಎಂದಳು.

ಸಂಜೆ ಹೊರಡುವಾಗ ಶವ್ಕಿಯ ಹೊಟ್ಟೆ ತುಂಬಿ, ಎದೆಯೂ ಉಬ್ಬಿತ್ತು. ಅಂಗಳದಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟು ಎಲ್ಲರೂ ಕೇಳುವಂತೆ ಸಾರಿದ: "ನೀವೆಲ್ಲ ನಮ್ಮೂರಿಗೆ ಬರಲೇಬೇಕು! ನಮ್ಮನೆ ಅಂದ್ರೆ ನಿಮ್ಮನೆ! ದೇವರಾಣೆ, ಬರದಿದ್ರೆ ನನಗೆ ಕೋಪ ಬರುತ್ತೆ!"

ಅಜ್ಜಿ ಒಳಗಿನಿಂದ ಬಾಗಿಲಿಗೆ ಬಂದಳು. "ಯಾವತ್ತು?"

ಶವ್ಕಿಯ ಕೈ ಎದೆಯ ಮೇಲೇ ಉಳಿಯಿತು. ಮನ್ಸೂರಾದಲ್ಲಿ ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ, ಇರುವುದು ಎರಡು ಕೋಣೆ, ಒಂದರಲ್ಲಿ ಅತ್ತೆ, ಅತ್ತೆಯ ಜೊತೆ ಅತ್ತೆಯ ಬಾಯಿ. "ಇನ್ಶಾ ಅಲ್ಲಾಹ್" ಎಂದರೆ ಮುಗಿಯುತ್ತಿತ್ತು. ದೇವರ ಮೇಲೆ ಹಾಕಿ ಜಾರಿಕೊಳ್ಳುವ ವಿದ್ಯೆ ನಮಗೆ ಹಾಲಿನ ಜೊತೆಗೇ ಬಂದದ್ದು. ನನ್ನ ನಾಲಿಗೆಯ ತುದಿಗೂ ಬಂದಿತ್ತು. ಝುವೈನಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಗಸ್ಟ್ ಮೊದಲ ಗುರುವಾರ," ಎಂದೆ. "ಶಾಲೆಗೆ ರಜ ಇರುತ್ತೆ. ಕೈರೋಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಅಜ್ಜೀನೂ ಬರ್ಲಿ, ಮಹಡಿ ಹತ್ತಬೇಕು ಅಷ್ಟೆ."

"ಈ ಬೆಟ್ಟ ಹತ್ತಿ ಇಳಿದೋಳು ನಾನು," ಎಂದಳು ಅಜ್ಜಿ.

ಜೀಪ್ ಬೆಟ್ಟ ಇಳಿಯುವಾಗ ಶವ್ಕಿ ಕಣ್ಣು ಮುಚ್ಚಲಿಲ್ಲ, ಪ್ರಾರ್ಥನೆಯನ್ನೂ ಹೇಳಲಿಲ್ಲ. ಅರ್ಧ ದಾರಿಯಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಎಷ್ಟು ಜನ ಬರಬಹುದು?" ಎಂದು ಪಿಸುಗುಟ್ಟಿದ.

"ಎಷ್ಟು ಜನ ಬಂದ್ರೂ ಬರ್ಲಿ," ಎಂದೆ. ನನ್ನ ನಲವತ್ತಾರು ವರ್ಷದ ಬದುಕಿನಲ್ಲಿ ನೂರಾರು ಜನರಿಗೆ ಹೇಳಿದ್ದ ಮಾತು. ನಿಜವಾಗಿ ಬರಲಿ ಎಂದು ಹೇಳಿದ್ದು ಅದೇ ಮೊದಲು.